ಚಿಕ್ಕನಾಯಕನಹ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೆ ಕೋಡ್ ಬರೆಯುತ್ತೇನೆ ಅಂದರೆ ಜನ ಭಾರಿ ಗೌರವದಿಂದ ನೋಡುತ್ತಾರೆ. ಏನು ಬರೆದಿರಿ ಅಂತ ಕೇಳಿದಾಗಲೇ ತೊಂದರೆ. ನಾನು ಮುಟ್ಟಿದ್ದು ಒಂದು ಸಾಲು. ಅದರಲ್ಲೂ ಬದಲಾಗಿದ್ದು ಒಂದು ಪದ.

ಕರ್ನಲ್ ಸೆಲ್ಫ್ ಪ್ರೊಟೆಕ್ಷನ್ ಪ್ರಾಜೆಕ್ಟ್ ಅಂತ ಒಂದಿದೆ. 2015ರಲ್ಲಿ ಕರ್ನಲ್ ಡೆವಲಪರ್ ಕೇಸ್ ಕುಕ್ ಶುರು ಮಾಡಿದ್ದು. ಕಳ್ಳರು ನುಗ್ಗುವಂಥ ತೂತು ಕಂಡರೆ ಅದನ್ನು ಮುಚ್ಚಿ ಸುಮ್ಮನಾಗಬಾರದು, ತೂತು ಬೀಳಿಸುವ ಅಭ್ಯಾಸಗಳನ್ನೇ ಓಡಿಸಬೇಕು ಅನ್ನುವುದು ಅದರ ಹಠ. ಓಡಿಸಬೇಕಾದವರ ಪಟ್ಟಿಯಲ್ಲಿ ಸ್ಟ್ರ್‌ಎನ್‌ಕಾಪಿ ಅನ್ನುವ, ಅಕ್ಷರಗಳನ್ನು ಮೆಮೊರಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಹಳೆಯ ಫಂಕ್ಷನ್ನೂ ಇದೆ.

ಇದರ ಚಾಳಿ ನನ್ನಂಥವರಿಗೆ ಬೇಗ ಅರ್ಥವಾಗುತ್ತದೆ. ನಮ್ಮೂರು ಚಿಕ್ಕನಾಯಕನಹಳ್ಳಿ. ಇಂಗ್ಲಿಷಿನಲ್ಲಿ 19 ಅಕ್ಷರ, ಅಕ್ಷರಕ್ಕೊಂದು ಬೈಟು. 16 ಬೈಟಿನ ಡಬ್ಬಿಗೆ ತುಂಬು ಅಂದರೆ ಈ ಪುಣ್ಯಾತ್ಮ ‘ಚಿಕ್ಕನಾಯಕನಹ’ದವರೆಗೆ ತುಂಬಿ ಕೈ ತೊಳೆದುಕೊಳ್ಳುತ್ತಾನೆ. ಊರು ಮೊಟಕಾದದ್ದಕ್ಕೆ ಬೇಜಾರಿಲ್ಲ, ಅರ್ಜಿ ಫಾರಮ್ಮುಗಳೂ ಅದನ್ನೇ ಮಾಡುತ್ತವೆ. ಆದರೆ ‘ಇಲ್ಲಿಗೆ ಮುಗೀತು’ ಅಂತ ಹೇಳುವ ಸೊನ್ನೆ ಬೈಟಿಗೆ ಜಾಗವೇ ಉಳಿಯುವುದಿಲ್ಲ. ಓದಲು ಬಂದ ಕೋಡು ಕೊನೇ ಸ್ಟಾಪ್ ಕಾಣದ ಬಸ್ಸಿನ ಹಾಗೆ ಪಕ್ಕದ ಮೆಮೊರಿಗೆ ನುಗ್ಗುತ್ತದೆ. (ಊರ ಹೆಸರು ಕನ್ನಡದಲ್ಲೇ ಬರೆದರೆ ಯೂಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ 45 ಬೈಟು. ಆ ಮಾತು ಬೇಡ ಬಿಡಿ.)

ಬದಲಿಗೆ ಸ್ಟ್ರ್‌ಎಸ್‌ಕಾಪಿ ಹಾಕಿದರೆ ‘ಚಿಕ್ಕನಾಯಕನಹ್’ಗೆ ನಿಲ್ಲಿಸಿ, ಕೊನೆಯಲ್ಲಿ ಸೊನ್ನೆ ಇಡುತ್ತದೆ. ಹಾಕಿದೆ. ಕಾಫಿ ಆರುವ ಮೊದಲೇ ಕೆಲಸ ಮುಗಿದಿತ್ತು.

ಮೊದಲ ತಕರಾರು ಸಹಿಯದ್ದು. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಅಂತ ಪ್ರತಿ ಪ್ಯಾಚಿನ (ಕಳಿಸುವ ಬದಲಾವಣೆಯ) ಕೆಳಗೆ ಹೆಸರು ಹಾಕುವ ಪದ್ಧತಿ 2004ರಿಂದ ಇದೆ. ಮೇಲ್ ಕಳಿಸಿದವರ ಹೆಸರಿಗೂ ಈ ಹೆಸರಿಗೂ ತಾಳೆಯಾಗಬೇಕು. ನನ್ನ ಇನಿಷಿಯಲ್ ಮೇಲ್‌ನಲ್ಲಿ ಹೆಸರಿನ ಮುಂದೆ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಹೆಸರಿನ ಹಿಂದೆ. ಪ್ಯಾಚಿನ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟು ಹೆಸರು ಹೊಂದುತ್ತಿಲ್ಲ ಅಂತ ವಾರ್ನಿಂಗ್ ಕೊಟ್ಟಿತು. ಬ್ಯಾಂಕಿನ ಕೆವೈಸಿ ದಾಟಿ ಬಂದವನಿಗೆ ಇದೆಲ್ಲ ಯಾವ ಲೆಕ್ಕ?

ಆಮೇಲೆ ಪ್ಯಾಚಿನ ವಿವರಣೆ. ಕೋಡಿಗೆ ಆಜ್ಞೆ ಕೊಡುವ ಧಾಟಿಯಲ್ಲೇ ಬರೆಯಬೇಕು ಅಂತ ಕರ್ನಲ್ಲಿನ ನಿಯಮ. ‘ಬದಲಿಸಲಾಗಿದೆ’ ಅನ್ನುವಂತಿಲ್ಲ, ‘ಬದಲಿಸು’ ಅನ್ನಬೇಕು. ಮನೆಯಲ್ಲಿ ಬೆಕ್ಕಿಗೂ ‘ಸ್ವಲ್ಪ ಆ ಕಡೆ ಹೋಗಮ್ಮ’ ಅನ್ನುವವನು ನಾನು. ಆದರೂ ದರ್ಪ ತಂದುಕೊಂಡು ಬರೆದೆ.

ರಿವ್ಯೂ ಮಾಡುವವರು ಒಂದೇ ಪ್ರಶ್ನೆ ಕೇಳಿದರು. ಹಳೆಯ ಫಂಕ್ಷನ್ ಡಬ್ಬಿಯಲ್ಲಿ ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುತ್ತಿತ್ತು, ಹೊಸದು ತುಂಬುವುದಿಲ್ಲ. ಅಲ್ಲಿ ಕರ್ನಲ್ಲಿನ ಹಳೇ ಗುಟ್ಟೇನಾದರೂ ಕೂತಿದ್ದು, ಡಬ್ಬಿ ಹಾಗೇ ಹೊರಗಿನ ಪ್ರೋಗ್ರಾಮಿಗೆ ಹೋದರೆ? ಹೋಗುವುದಿಲ್ಲ ಅಂತ ನಿಮಗೆ ಹೇಗೆ ಗೊತ್ತು? ನ್ಯಾಯವಾದ ಪ್ರಶ್ನೆ. ಡಬ್ಬಿ ಎಲ್ಲಿ ಹುಟ್ಟಿತು, ಯಾರ ಕೈಗೆ ಹೋಯಿತು ಅಂತ ಆ ಸಾಲಿದ್ದ ಡ್ರೈವರಿನ (ಯಂತ್ರಭಾಗವೊಂದನ್ನು ನಡೆಸುವ ಕೋಡಿನ) ಉದ್ದಗಲ ಅಲೆದೆ. ಸೊನ್ನೆ ಬೇಕಿತ್ತು. ಫಂಕ್ಷನ್ ಹೆಸರಿನ ಬಾಲಕ್ಕೆ ‘ಪ್ಯಾಡ್’ ಸೇರಿತು. ಸಾಲು ಒಂದೇ ಉಳಿಯಿತು, ವಿವರಣೆ ಮಾತ್ರ ಪುಟ ತುಂಬಿತು.

ಇದೇ ಹುಮ್ಮಸ್ಸಿನಲ್ಲಿ ಡಾಕ್ಯುಮೆಂಟೇಶನ್ನಿಗೂ ಒಂದು ವಾಕ್ಯ ಕಳಿಸಿದೆ. ಕೋಡ್ ನೋಡಲು ಒಬ್ಬರು ಬಂದಿದ್ದರು, ವಾಕ್ಯ ತಿದ್ದಲು ಊರೇ ಬಂತು. ಒಬ್ಬರು ಕಾಮಾ ತೆಗೆಸಿದರು, ಇನ್ನೊಬ್ಬರು ಹಾಕಿಸಿದರು. ಉತ್ತರ ಬರುತ್ತಿದ್ದುದೆಲ್ಲ ನಮ್ಮ ಮಧ್ಯರಾತ್ರಿ.

ಬ್ಯಾಂಕಿನಿಂದ ರಿಟೈರ್ ಆದ ಮಾವ ಒಂದು ರಾತ್ರಿ ನೀರು ಕುಡಿಯಲು ಎದ್ದವರು ನನ್ನ ಅವಸ್ಥೆ ನೋಡಿದರು.

“ಏನ್ರೀ ಅಳಿಯಂದ್ರೇ, ಕಳ್ಳ ಗಿಳ್ಳ ನುಗ್ಗಿದ್ನಾ ಕಂಪ್ಯೂಟರಿಗೆ?”

“ಇಲ್ಲ ಮಾವ. ನುಗ್ಗದೇ ಇರಲಿ ಅಂತ.”

“ನುಗ್ಗಿಲ್ಲ ಅಂತ ಹೇಗೆ ಗೊತ್ತು?”

ಇವರನ್ನೂ ರಿವ್ಯೂಗೆ ಹಾಕಬಹುದಿತ್ತು. “ದುಡ್ಡೆಷ್ಟು ಕೊಡ್ತಾರೆ?” ಅಂತಲೂ ಕೇಳಿದರು.

“ದುಡ್ಡಿಲ್ಲ ಮಾವ. ಹೆಸರು ಬರುತ್ತೆ.”

ಅವರು ಲೋಟ ಕೆಳಗಿಟ್ಟರು. “ಪೂರ್ತಿ ಬರುತ್ತಾ?”