ನಾಲ್ಕು ಪೌಂಡಿನ ಮನೆ

ಮನೆಯಲ್ಲಿ ಒಬ್ಬ ಕಂಪ್ಯೂಟರ್ ಕೆಲಸದವನಿದ್ದರೆ ಫ್ಯಾನ್ ರಿಪೇರಿಯೂ ಅವನದ್ದೇ. ಹಾಗಾಗಿ ಚಿಕ್ಕಪ್ಪನ ಗೃಹಪ್ರವೇಶದ ಕಾರ್ಡು ನನ್ನ ತಲೆಗೆ ಬಂತು.

ಈಗಿನ ಫೋನು, ಕಂಪ್ಯೂಟರುಗಳಿಗೆಲ್ಲ ಅರ್ಥವಾಗುವ ಯೂನಿಕೋಡಿನಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಿದೆ. ಪ್ರೂಫ್ ಬಂತು. ‘ಗೃಹಪ್‌ರವೇಶ’, ‘ಮುಹೂರ್‌ತ’, ‘ಸ್‌ವಾಗತ’. ಒತ್ತಕ್ಷರಗಳೆಲ್ಲ ಕೆಳಗಿಂದ ಎದ್ದು ಬಂದು ಸಾಲಿನಲ್ಲಿ ನಿಂತಿದ್ದವು. ಚಿಕ್ಕಪ್ಪ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂಡಿಸಿ ಕೂಡಿಸಿ ಓದಿದರು. “ಇದನ್ನ ಓದೋ ಹೊತ್ತಿಗೆ ಮುಹೂರ್ತ ಮುಗಿದಿರುತ್ತೆ ಕಣೋ.”

“ನುಡಿ ಫಾಂಟಿಗೆ ಕನ್ವರ್ಟ್ ಮಾಡಿ ಕಳಿಸಿ ಸಾರ್” ಎಂದ ಪ್ರೆಸ್ಸಿನ ಹುಡುಗ. ಮಾಡಿದೆ. ಸುಮ್ನೆ ಇರಲಾರದೆ ಅದನ್ನೇ ಚಿಕ್ಕಪ್ಪನ ವಾಟ್ಸಾಪಿಗೂ ಹಾಕಿದೆ. ಅಲ್ಲೇ ಎಡವಿದ್ದು. ನುಡಿಯಂಥ ಹಳೇ ಆಸ್ಕಿ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಕೂತಿರುವುದು ಪರಭಾಷೆಯ ಅಕ್ಷರಗಳ ಸೀಟಿನಲ್ಲಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ವೇಷ ಕಳಚಿತು. ‘ಕನ್ನಡ’ ಎಂಬ ಒಂದು ಪದದಲ್ಲೇ ತಲೆ ಮೇಲೆ ಓರೆಗೆರೆ ಹೊತ್ತ ಮೂರು ‘ಎ’, ಒಂದು ಜರ್ಮನ್ ಅಕ್ಷರ, ಒಂದು ಬ್ರಿಟಿಷ್ ಪೌಂಡ್! ‘ನ’ ಬಂದಲ್ಲೆಲ್ಲ ಸಾಮಾನ್ಯವಾಗಿ ಪೌಂಡೇ. ‘ನಮ್ಮ ನೂತನ ಮನೆ’ಗೆ ಒಟ್ಟು ನಾಲ್ಕು.

ಚಿಕ್ಕಪ್ಪನ ಫೋನು ಬಂತು. “ಆಶೀರ್ವಾದವೇ ಉಡುಗೊರೆ ಅಂತ ಹಾಕಿಸಿದ್ದೀವಲ್ಲ, ಮತ್ತೆ ಪೌಂಡ್ ಯಾಕೆ ಕೇಳ್ತಿದ್ದೀಯ?”

ಕೊನೆಗೆ ನಾನೇ ಪ್ರೆಸ್ಸಿಗೆ ಹೋಗಿ ಕೂತೆ. ಯೂನಿಕೋಡ್ ಫೈಲನ್ನೇ ಮತ್ತೆ ತೆಗೆದೆವು. ಪುಟ ಜೋಡಿಸುವ ಸಾಫ್ಟ್‌ವೇರಿನಲ್ಲಿ ಪ್ಯಾರಾಗ್ರಾಫ್ ಮೆನುವಿನ ಒಳಗೆಲ್ಲೋ ‘ವರ್ಲ್ಡ್-ರೆಡಿ ಕಂಪೋಸರ್’ ಅಂತ ಒಂದು ಆಯ್ಕೆ. ಒತ್ತಿದ್ದೇ ತಡ, ಒತ್ತುಗಳೆಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಒಂದು ಟಿಕ್ಕಿಗೆ ಎರಡು ದಿನ!

ಖುಷಿಯಲ್ಲಿ ಇನ್ನೊಂದು ಜಾಣತನ ಮಾಡಿದೆ. ಫೈಲಿನಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿದ್ದವು. ಕಸ ಅಂದುಕೊಂಡು ಎಲ್ಲ ಅಳಿಸಿದೆ. ಅದು ಝೀರೋ ವಿಡ್ತ್ ನಾನ್-ಜಾಯಿನರ್. ಎರಡು ಅಕ್ಷರ ಒಂದಕ್ಕೊಂದು ಅಂಟಿಕೊಳ್ಳದಂತೆ ನಡುವೆ ನಿಲ್ಲುವ ಪಾಪದ ಪ್ರಾಣಿ. ಇದು ಗೊತ್ತಾಗಿದ್ದು 300 ಕಾರ್ಡು ಅಚ್ಚಾದ ಮೇಲೆ. ವಿಳಾಸದಲ್ಲಿ ‘ಬಸ್‌ಸ್ಟಾಪ್ ಹತ್ತಿರ’ ಎಂದಿದ್ದದ್ದು ‘ಬಸ್ಸ್ಟಾಪ್ ಹತ್ತಿರ’ ಆಗಿತ್ತು. ಸ-ಕ್ಕೆ ಸ ಒತ್ತು, ಅದರ ಕೆಳಗೆ ಟ ಒತ್ತು.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇರಲಿ ಬಿಡು. ಆ ಸ್ಟಾಪಲ್ಲಿ ಯಾವಾಗಲೂ ನೂಕುನುಗ್ಗಲು ಜಾಸ್ತೀನೇ ಅಲ್ವಾ.”