ನೀಲಿ ಕೊಪ್ಪೆಯವನು

ಜುಲೈ ಎರಡನೇ ವಾರ, ಪುನರ್ವಸು ಮಳೆ ಹಿಡಿದು ಬಾರಿಸುತ್ತಿದ್ದಾಗ, ತೀರ್ಥಹಳ್ಳಿಯಿಂದ ಕೊಡಚಾದ್ರಿ ಬುಡದವರೆಗೆ ಒಬ್ಬನೇ ನಡೆದುಬಂದೆ. ಕವಲೇದುರ್ಗ, ಯಡೂರು, ನಗರ, ಸಂಪೆಕಟ್ಟೆ, ಕಟ್ಟಿನಹೊಳೆ. ಐದು ದಿನ. ಶಿವಮೊಗ್ಗದಲ್ಲಿ ಬಸ್ ಹತ್ತುವಾಗ ಬಿಸಿಲಿತ್ತು. ಮಂಡಗದ್ದೆ ದಾಟುವಾಗ ಡ್ರೈವರ್ ವೈಪರ್ ಹಾಕಿದ. ಆಮೇಲೆ ಅದು ನಿಲ್ಲಲೇ ಇಲ್ಲ.

ಹೊರಡುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮಳೆಗಾಲದಲ್ಲಿ ಯಾರಾದ್ರೂ ಸುಮ್ನೆ ನಡೀತಾರಾ?" ಉತ್ತರ ನನ್ನ ಹತ್ತಿರ ಇತ್ತು. ರೀಲ್ಸ್ ನೋಡಿ ಕಲಿತ ಉತ್ತರ. ಕಾಡು, ಮೌನ, ಏಕಾಂತ ಇತ್ಯಾದಿ. ಮೌನ ಅನ್ನುವುದು ಮೊದಲ ದಿನವೇ ಸುಳ್ಳಾಯಿತು. ಮಳೆಗಾಲದ ಮಲೆನಾಡಿನಷ್ಟು ಗದ್ದಲದ ಜಾಗ ಇನ್ನೊಂದಿಲ್ಲ. ಹಳ್ಳ, ಕಪ್ಪೆ, ಜೀರುಂಡೆ, ತೋಟದಲ್ಲಿ ದಬಕ್ಕನೆ ಬೀಳುವ ಅಡಿಕೆ ಹಾಳೆ. ಟೋಪಿಯ ಮೇಲೆ ಹನಿ ಬಡಿಯುವ ಸದ್ದಿಗೆ ನನ್ನ ಯೋಚನೆ ನನಗೇ ಕೇಳಿಸುತ್ತಿರಲಿಲ್ಲ.

ಪೇಪರಿನಲ್ಲಿ ಮಳೆ ಲೆಕ್ಕ ಬರುತ್ತದಲ್ಲ, ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಮಾಣಿ ಅಂತ? ಆ ಸಾಲಿನೊಳಗೇ ನಡೆಯುತ್ತಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ, ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಅಡ್ಡಬಿದ್ದು ಮೇಲೇರಿ ತಣ್ಣಗಾಗಿ ಸುರಿಯುತ್ತದೆ ಅಂತೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು, ಒಣ ಬೆಂಚಿನ ಮೇಲೆ ಕೂತು. ಬ್ಯಾಗಿನ ಮೂರನೇ ಪ್ಲಾಸ್ಟಿಕ್ ಕವರಿನೊಳಗಿನ ಬನಿಯನ್ನೂ ಒದ್ದೆಯಾದಾಗ ನನಗೆ ಮಿಲಿಮೀಟರ್ ಅರ್ಥವಾಯಿತು.

ಉಂಬಳದ, ಅಂದರೆ ಜಿಗಣೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಬರೆಯುವುದಿಲ್ಲ. ಉಪ್ಪು, ಡೆಟಾಲ್ ಎಲ್ಲ ಮಳೆಗೆ ತೊಳೆದುಹೋಗುತ್ತವೆ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯನ್ನು ಕೋಲಿನ ತುದಿಗೆ ಸುತ್ತಿಕೊಟ್ಟವರು ಕವಲೇದುರ್ಗದ ಹತ್ತಿರದ ಒಬ್ಬ ಹೆಂಗಸು. ಅದನ್ನು ಮುಟ್ಟಿಸಿದರೆ ತಾನಾಗಿ ಉದುರುತ್ತದೆ. ರಕ್ತ ಮಾತ್ರ ನಿಲ್ಲುವುದಿಲ್ಲ, ಹೆಪ್ಪುಗಟ್ಟದ ಹಾಗೆ ಅದರ ಎಂಜಲಲ್ಲೇ ಮದ್ದಿದೆಯಲ್ಲ.

ಮೂರನೇ ದಿನ, ಯಡೂರು ದಾಟಿ ಒಳದಾರಿ ಹಿಡಿದಿದ್ದೆ. ಒಂದು ಹಳ್ಳ. ಅಡಿಕೆ ಮರದ ಕಾಲುಸಂಕ ಇತ್ತು, ಪಾಚಿ ಹಿಡಿದು ಹಸಿರಾಗಿತ್ತು. ಸಂಕಕ್ಕಿಂತ ನೀರಿಗಿಳಿಯುವುದೇ ಸುಲಭ ಅನಿಸಿತು. ಮೊಣಕಾಲುದ್ದ ಇರಬಹುದು ಅಷ್ಟೇ. ಒಂದು ಕಾಲು ಇಟ್ಟೆ. ಆಚೆ ದಡದ ತೋಟದಿಂದ ಕೂಗು. "ಹೋಯ್, ಇಳೀಬೇಡಿ ಮಾರಾಯ್ರೆ! ಬಣ್ಣ ನೋಡಿ ಬಣ್ಣ!"

ನೋಡಿದೆ. ತಿಳಿಯಾಗಿದ್ದ ನೀರು ಟೀ ಬಣ್ಣಕ್ಕೆ ತಿರುಗುತ್ತಿತ್ತು. ತರಗೆಲೆ, ಕಡ್ಡಿ ತೇಲಿಬರುತ್ತಿದ್ದವು. ನಾನಿದ್ದಲ್ಲಿ ಮಳೆ ಸಣ್ಣಗಿತ್ತು. ಆದರೆ ಮೇಲೆ ಗುಡ್ಡದಲ್ಲಿ ಹೊಡೆದಿತ್ತಂತೆ. ಹತ್ತು ನಿಮಿಷದಲ್ಲಿ ಹಳ್ಳ ಸೊಂಟದಷ್ಟಾಯಿತು. ಸಂಕ ದಾಟುವಾಗ ಶಾಲೆ ಮಕ್ಕಳು ಕೊಚ್ಚಿಹೋದ ಸುದ್ದಿಗಳನ್ನು ಮನೆಯಲ್ಲಿ ಕೂತು ಓದಿ ಬೇಜಾರು ಮಾಡಿಕೊಂಡಿದ್ದೇನೆ. ಅವರದು ದಿನಾ ಓಡಾಡುವ ದಾರಿ. ನನ್ನದು ಶೋಕಿ.

ಒಂದು ಗಂಟೆ ಬಿಟ್ಟು ಆ ಕೂಗಿದವರೇ ಕೈ ಹಿಡಿದು ಸಂಕ ದಾಟಿಸಿ ಮನೆಗೆ ಕರೆದೊಯ್ದರು. ಎಪ್ಪತ್ತು ದಾಟಿದ ಗಂಡ ಹೆಂಡತಿ, ಒಂದು ನಾಯಿ, ಎರಡು ದನ. ಒಂಟಿ ಮನೆ. ಹಂಡೆ ತುಂಬ ಬಿಸಿನೀರು, ಕಷಾಯ, ಸುಟ್ಟ ಹಲಸಿನ ಹಪ್ಪಳ. ನನ್ನ ಬಟ್ಟೆ ಒಲೆಯ ಮೇಲೆ ನೇತಾಡಿತು.

"ಎಲ್ಲಿಗೆ ಹೊರಟಿದ್ದು?"

"ಸುಮ್ನೆ, ನಡ್ಕೊಂಡು ಹೋಗ್ತಿದೀನಿ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಬಸ್ಸು ತಪ್ಪಿತಾ?"

ಲೈನ್ ಮೇಲೆ ಮರ ಬಿದ್ದು ಐದು ದಿನದಿಂದ ಅವರಿಗೆ ಕರೆಂಟಿಲ್ಲ. ವಾರಾಹಿ ಹೊಳೆಯ ನೀರು ನಿಲ್ಲಿಸಿದ ಮಾಣಿ ಅಣೆಕಟ್ಟೆ ಇರುವುದು ಇದೇ ಹೊಸನಗರ ತಾಲ್ಲೂಕಿನಲ್ಲಿ. ಆ ನೀರು ಘಟ್ಟದ ಕೆಳಗೆ ಹೊಸಂಗಡಿಯಲ್ಲಿ ಕರೆಂಟಾಗುತ್ತದೆ. ಇವರು ಬುಡ್ಡಿ ದೀಪದಲ್ಲಿ ಕೂತಿದ್ದರು. ಮೊಬೈಲ್ ಸಿಗ್ನಲ್ ಬೇಕೆಂದರೆ ಹಿಂದಿನ ದಿಬ್ಬ ಹತ್ತಬೇಕು. ಲ್ಯಾಂಡ್‌ಲೈನ್ ಮಾತ್ರ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಮಗ ಬೆಂಗಳೂರಲ್ಲಿ. ಯಜಮಾನರಿಗೆ ಇದ್ದ ಚಿಂತೆ ಇದ್ಯಾವುದೂ ಅಲ್ಲ, ಅಡಿಕೆಯ ಕೊಳೆ ರೋಗ. ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಅರ್ಧ ದಿನವಾದರೂ ಮಳೆ ಬಿಟ್ಟು ಹೊಳವಾಗಬೇಕು. ಹೊಳವಾದರೂ ಮರ ಹತ್ತುವ ಕೊನೆಗಾರ ಸಿಗಬೇಕು. ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣ ತಂದಿಟ್ಟು ಹತ್ತು ದಿನವಾಗಿತ್ತು.

ಆ ರಾತ್ರಿ ಕಂಬಳಿ ಹೊದ್ದು ಮಲಗಿದಾಗ 'ಸೋಲೋ' ಅನ್ನುವ ಪದದ ಬಗ್ಗೆ ನಾಚಿಕೆಯಾಯಿತು. ನಾನು ಐದು ದಿನ ಒಂಟಿ, ಅದೂ ಸಾವಿರಾರು ರೂಪಾಯಿಯ ಶೂ ಹಾಕಿಕೊಂಡು, ಬೇಜಾರಾದರೆ ಬಸ್ ಹತ್ತುವ ಧೈರ್ಯದಲ್ಲಿ. ನಾವು 'ದಟ್ಟ ಕಾಡು' ಅಂತ ಫೋಟೊ ಹಾಕುತ್ತೇವಲ್ಲ, ಆ ಫೋಟೊದ ಆಚೆ ಬದಿಯಲ್ಲಿ ಯಾರದೋ ಮನೆಯ ದಣಪೆ, ಬೇಲಿಯ ಬಾಗಿಲು, ಇರುತ್ತದೆ. ಅದು ಬಾರದ ಹಾಗೆ ಕ್ಯಾಮೆರಾ ತಿರುಗಿಸಿಕೊಳ್ಳುತ್ತೇವೆ. ನಾನೂ ತಿರುಗಿಸಿದ್ದೇನೆ.

ನಗರದ ಕೋಟೆಯಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಕೆಳದಿ ಅರಸರ ಬಿದನೂರು ಅದು. 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರ್‌ನಗರವಾಗಿ, ಈಗ ಬರೀ ನಗರ. ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು ಮುಂದೆ ನಡೆದೆ.

ಕಟ್ಟಿನಹೊಳೆಯಲ್ಲಿ ಜೀಪಿನವರೊಬ್ಬರು ನನ್ನನ್ನು ನೋಡಿದವರೇ, "ನೀಲಿ ಕೊಪ್ಪೆಯವರು ನೀವೇ ಅಲ್ವಾ? ನಿನ್ನೆಯೇ ಬರ್ಬೇಕಿತ್ತಲ್ಲ" ಅಂದರು. ನನ್ನ ನೀಲಿ ರೇನ್‌ಕೋಟು ನನಗಿಂತ ಮೊದಲು ಅಲ್ಲಿಗೆ ಬಂದಿತ್ತು. ಯಡೂರಿನಿಂದ ನಗರಕ್ಕೆ, ನಗರದಿಂದ ಸಂಪೆಕಟ್ಟೆಗೆ, ಹಾಲಿನ ಡಬ್ಬಿ, ಬಸ್ ಕಂಡಕ್ಟರ್, ಫೋನು, ಹೀಗೆ ಸುದ್ದಿ ದಾಟಿಸುತ್ತಾ ಬಂದಿದ್ದರು.

ಮೇಲೆ ಗಾಳಿ ಮಳೆ ಜೋರು ಅಂತ ಬೆಟ್ಟಕ್ಕೆ ಬಿಡುತ್ತಿರಲಿಲ್ಲ. ಸರಿಯೇ. 1,343 ಮೀಟರಿನ ಕೊಡಚಾದ್ರಿಯ ಬುಡದಲ್ಲೇ ನಿಂತಿದ್ದರೂ ಬೆಟ್ಟ ಯಾವ ಕಡೆ ಇದೆ ಅಂತಾನೂ ಕಾಣಲಿಲ್ಲ. ಟೀ ಕುಡಿದು ವಾಪಸ್ ಬಂದೆ.

"ಮನೆ ಮುಟ್ಟಿದ ಮೇಲೆ ಫೋನ್ ಮಾಡಿ" ಅಂದಿದ್ದರು ಹಳ್ಳದಾಚೆ ಒಂಟಿ ಮನೆಯ ಆ ಅಮ್ಮ. ಜ್ವರದಲ್ಲಿ ಮರೆತೆ. ನಾಲ್ಕನೇ ದಿನ ನೆನಪಾಗಿ ಲ್ಯಾಂಡ್‌ಲೈನಿಗೆ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕಿತು.

"ಗೊತ್ತಾಯ್ತು ಬಿಡಿ, ಜೀಪು ಸಿಕ್ತಂತಲ್ಲ. ಜ್ವರ ಬಂತಾ?"

"ಬಂದಿತ್ತು. ಔಷಧಿ ಹೊಡೆಸಿದ್ರಾ?"

"ಎಲ್ಲಿ, ಹೊಳವಾಗ್ಬೇಕಲ್ಲ..." ಅನ್ನುವಷ್ಟರಲ್ಲಿ ಲೈನ್ ಹೋಯಿತು.