ಗೋಡೆಯ ಸವೆತವೇ ಎರಡನ್ನೂ ಬೆಸೆಯುವ ಕೊಂಡಿ

ವಿಶ್ವವಿದ್ಯಾಲಯದ ಒಂದೇ ಪ್ಲಾಸ್ಮಾ (ಎಲೆಕ್ಟ್ರಾನುಗಳು ಮತ್ತು ಅಯಾನುಗಳೆಂಬ ವಿದ್ಯುದಾವೇಶದ ಪರಮಾಣುಗಳಾಗಿ ಒಡೆದ ಅನಿಲ) ಪ್ರಯೋಗಾಲಯವು ಪರಮಾಣು ಬೀಜಗಳನ್ನು ಬೆಸೆದು ಪಡೆಯುವ ಸಮ್ಮಿಲನ ಶಕ್ತಿಯನ್ನೂ ಬಾಹ್ಯಾಕಾಶ ನೌಕೆಗಳ ಎಂಜಿನ್ನುಗಳನ್ನೂ ಏಕೆ ಅಧ್ಯಯನ ಮಾಡುತ್ತದೆ ಎಂಬುದನ್ನು ಆ ಪ್ರಯೋಗಾಲಯದ ಬಗ್ಗೆ ನಾನು ಓದಿದ ಲೇಖನ ಎರಡೇ ಸಾಲಿನಲ್ಲಿ ಮುಗಿಸಿದೆ. ನನ್ನ ಮಟ್ಟಿಗೆ ವಿಸ್ತರಿಸಬೇಕಾಗಿದ್ದ ಭಾಗವೇ ಅದು. ಟೋಕಮಾಕ್ ಎಂಬ ಉಂಗುರಾಕಾರದ ಸಮ್ಮಿಲನ ಯಂತ್ರದಲ್ಲಿ 10 ಕೋಟಿ ಡಿಗ್ರಿ ದಾಟುವ ಇಡೀ ಪ್ಲಾಸ್ಮಾವನ್ನು ಕಾಂತಕ್ಷೇತ್ರ ಹಿಡಿದಿಟ್ಟರೆ, ಹಾಲ್ ಥ್ರಸ್ಟರ್ ಎಂಬ ನೌಕೆಯ ಪ್ಲಾಸ್ಮಾ ಎಂಜಿನ್ನಿನಲ್ಲಿ ಅದು ಎಲೆಕ್ಟ್ರಾನುಗಳನ್ನಷ್ಟೇ ತಡೆಯುತ್ತದೆ. ಆದರೆ ಎರಡರಲ್ಲೂ ದಾರಿ ತಪ್ಪಿದ ಅಯಾನುಗಳು ಗೋಡೆಗೆ ಬಡಿದು, ಅದರ ಪರಮಾಣುಗಳನ್ನು ಒಂದೊಂದಾಗಿ ಕಿತ್ತೆಬ್ಬಿಸಿ, ಯಂತ್ರದ ಆಯುಷ್ಯವನ್ನೇ ಕಡಿಮೆ ಮಾಡುತ್ತವೆ. ಆಯುಷ್ಯ ಇಲ್ಲಿ ಸಣ್ಣ ಮಾತಲ್ಲ. 2007ರಲ್ಲಿ ಹಾರಿದ ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ನಿನ ನೂಕುಬಲ ಅಂಗೈ ಮೇಲಿಟ್ಟ ಕಾಗದದ ಹಾಳೆಯ ಭಾರದಷ್ಟಿತ್ತು (ರಾಕೆಟ್ಟಿನ ಅಬ್ಬರಕ್ಕೆ ಒಗ್ಗಿದವರಿಗೆ ಇದು ತಮಾಷೆಯೆನಿಸಬಹುದು). ವರ್ಷಗಟ್ಟಲೆ ನೂಕುತ್ತಲೇ ಇದ್ದುದರಿಂದ ಅದು ಕ್ಷುದ್ರಗ್ರಹ ಪಟ್ಟಿಯ ವೆಸ್ಟಾ ಮತ್ತು ಸೆರೆಸ್ ಎರಡನ್ನೂ ಸುತ್ತಿತು.